ವಿದ್ಯುತ್ತಿಗೊಂದು ಹಗೇವು

‘ವಿದ್ಯುತ್’ ಎಂಬ ಪದಕ್ಕೆ ‘ದ್ಯುತ್’ ಧಾತುವೇ ಮೂಲ. ಹೊಳೆಯುವುದೆಂದು ಅದರ ಅರ್ಥ. ‘ವಿ’ ಎಂಬ ಉಪಸರ್ಗ ಸೇರಿ ವಿಶೇಷವಾಗಿ ಹೊಳೆಯುವುದು, ಅಂದರೆ ಮಿಂಚು ಎಂದಾಯಿತು. ಮಿಂಚು ಮೂಡಿದ ಕ್ಷಣದಲ್ಲಿಯೇ ಮರೆಯಾಗುತ್ತದೆ. ತಂತಿಯಲ್ಲಿ ಹರಿಯುವ ವಿದ್ಯುತ್ತಿಗೂ ಈ ಸ್ವಭಾವ ತಪ್ಪಿಲ್ಲ. ಬೆಳೆದ ಜೋಳವನ್ನು ಹಿರಿಯರು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆ ತೆಗೆದು ಉಂಡರು. ವಿದ್ಯುತ್ತಿಗೆ ಅಂಥ ದೊಡ್ಡ ಹಗೇವು ಬಹುಕಾಲ ದೊರೆಯಲಿಲ್ಲ.

ಗ್ರಿಡ್ ಎಂದು ಕರೆಯಲಾಗುವ ವಿದ್ಯುಜ್ಜಾಲದಲ್ಲಿ ಉತ್ಪಾದನೆಯೂ ಬಳಕೆಯೂ ಪ್ರತಿಕ್ಷಣ ಸರಿತೂಗಬೇಕು. ನಮ್ಮ ದೇಶದಲ್ಲಿ ವಿದ್ಯುತ್ತಿನ ಗತಿ ಸೆಕೆಂಡಿಗೆ 50 ಆವರ್ತಗಳು. ಬಳಕೆ ಮಿತಿಮೀರಿದರೆ ಜನಕಯಂತ್ರಗಳು ಹೊರೆ ಹೊತ್ತ ಎತ್ತುಗಳಂತೆ ನಿಧಾನಿಸಿ ಆವರ್ತ ಕುಗ್ಗುತ್ತದೆ. ಬಳಕೆ ಇಳಿದರೆ ಅದು ಏರುತ್ತದೆ. ಕುಗ್ಗುವಿಕೆ ಮಿತಿ ದಾಟಿತೆಂದರೆ ಇಡೀ ಜಾಲವೇ ಕುಸಿಯದಿರಲೆಂದು ಕೆಲವು ಊರುಗಳ ಸಂಪರ್ಕ ಕಡಿಯುವುದು ಅನಿವಾರ್ಯವಾಗುತ್ತದೆ.

ಈ ಪ್ರಾಂತಕ್ಕೆ ಪ್ರಕೃತಿಶಕ್ತಿಯನ್ನು ದುಡಿಸಿಕೊಳ್ಳುವ ವಿದ್ಯೆ ಹೊಸತಲ್ಲ. ಘಟಪ್ರಭೆ ಸುಮಾರು 170 ಅಡಿ ಆಳಕ್ಕೆ ಧುಮುಕುವ ಗೋಕಾಕ ಜಲಪಾತದ ಬಲದಿಂದ ನೂಲಿನ ಗಿರಣಿ ನಡೆಸಲೆಂದೇ 1885ರಲ್ಲಿ ಕಂಪನಿಯೊಂದು ಸ್ಥಾಪಿತವಾಯಿತು. ಆದರೆ ಹೊಳೆ ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಬಡವಾಗುತ್ತದೆ. ಗಿರಣಿಯ ಕದಿರಿಗೆ ಋತುಭೇದವಿಲ್ಲ. ಆದಕಾರಣ ನೀರನ್ನು ಮೇಲೆಯೇ ತಡೆದು ಹಿಡಿಯಬೇಕು. ಧೂಪದಾಳದ ಒಡ್ಡು, ಅನಂತರ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ಮಾಡುತ್ತ ಬಂದದ್ದು ಇದನ್ನೇ. ಇವು ಕಟ್ಟಿದ್ದು ಮುಖ್ಯವಾಗಿ ನೀರಾವರಿಗಾಗಿ ಎಂಬುದು ನಿಜ. ಆದರೂ ಹಿಡಕಲ್ಲಿನಲ್ಲಿ 32 ಮೆಗಾವ್ಯಾಟಿನ ವಿದ್ಯುದಾಗಾರವೂ ಇದೆ. ಎತ್ತರದಲ್ಲಿ ನಿಂತ ನೀರು ಬೇಕೆಂದಾಗ ವಿದ್ಯುತ್ತಾಗಬಲ್ಲದು. ಇದೇ ಮೊದಲ ಬಗೆಯ ಹಗೇವು.

ಸೂರ್ಯನನ್ನು ಹೀಗೆ ಒಡ್ಡು ಕಟ್ಟಿ ನಿಲ್ಲಿಸಲಾಗದು. ಪಾವಗಡದಂಥ ಸೌರಕ್ಷೇತ್ರಗಳು ಮಧ್ಯಾಹ್ನ ಹೇರಳವಾಗಿ ಕೊಡುತ್ತವೆ. ದೀಪ ಹಚ್ಚುವ ಹೊತ್ತಿಗೆ, ಮನೆಮನೆಯಲ್ಲಿ ಬೇಡಿಕೆ ಏರುವಾಗಲೇ, ಕೈಚೆಲ್ಲುತ್ತವೆ. ಕಬ್ಬು ಅರೆಯುವ ದಿನಗಳಲ್ಲಿ ಸಕ್ಕರೆ ಕಾರ್ಖಾನೆಗಳು ಸಿಪ್ಪೆಯುರಿಸಿ ವಿದ್ಯುತ್ತು ಮಾಡುತ್ತವೆಯಾದರೂ ಹಂಗಾಮು ಮುಗಿದೊಡನೆ ಅದೂ ನಿಲ್ಲುತ್ತದೆ.

ಇಲ್ಲಿ ವಿದ್ಯುತ್ಕೋಶದ, ಅಂದರೆ ಬ್ಯಾಟರಿಯ, ಪ್ರಸಂಗ ಬರುತ್ತದೆ. ‘ಕೋಶ’ ಎಂದರೆ ಭಂಡಾರ. ಆದರೆ ಭಂಡಾರದಲ್ಲಿಟ್ಟದ್ದು ವಿದ್ಯುತ್ತಲ್ಲ, ರಾಸಾಯನಿಕ ಶಕ್ತಿ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಸೀಸ ಮತ್ತು ಆಮ್ಲದ ಕೋಶವನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ರಚಿಸಿದನು. ಟ್ರ್ಯಾಕ್ಟರಿನಲ್ಲಿರುವುದು ಅದರ ಸಂತತಿಯೇ. ಇಂದಿನ ಸ್ಕೂಟರುಗಳಲ್ಲಿರುವುದು ಲಿಥಿಯಂ ಕೋಶ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಒಂದು ಧ್ರುವದಿಂದ ಹೊರಟು ಇನ್ನೊಂದರ ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಬಳಸುವಾಗ ಮರಳಿ ಬರುತ್ತವೆ. ಇದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕರ್ನಾಟಕ ಸರಕಾರವು 2017ರಲ್ಲಿ ಹೊರಡಿಸಿದ ನೀತಿಯ ಹೆಸರಿನಲ್ಲಿಯೇ ವಿದ್ಯುತ್ ವಾಹನ ಮತ್ತು ಶಕ್ತಿಸಂಗ್ರಹ ಇವೆರಡೂ ಜೊತೆಯಾಗಿವೆ. ಕಾರಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮೂಡಲಗಿಯಂಥ ತಾಲೂಕಿನಲ್ಲಿ ಒಂದು ಸಾವಿರ ಸ್ಕೂಟರುಗಳಿವೆ, ಒಂದೊಂದರ ಕೋಶ 3 ಯೂನಿಟ್ ಹಿಡಿಯುತ್ತದೆ, ಚಾರ್ಜಿಗೆ 750 ವ್ಯಾಟ್ ಎಳೆಯುತ್ತದೆ ಎಂದು ಭಾವಿಸೋಣ. ಒಂದು ಅಶ್ವಶಕ್ತಿಗೆ 746 ವ್ಯಾಟ್. ಎಲ್ಲರೂ ಸಂಜೆ ಏಳಕ್ಕೆ ಮನೆಗೆ ಬಂದು ಗುಂಡಿ ಒತ್ತಿದರೆ, 5 ಅಶ್ವಶಕ್ತಿಯ 200 ಪಂಪುಗಳು ಒಮ್ಮೆಲೇ ಚಾಲೂ ಆದಷ್ಟು ಹೊರೆ! ಅದೇ ಸ್ಕೂಟರುಗಳು ಮಧ್ಯಾಹ್ನ ಚಾರ್ಜಾದರೆ ಉಳಿಕೆಯಾದ ಬಿಸಿಲು 3000 ಯೂನಿಟ್ಟಿನಷ್ಟು ಸಂಗ್ರಹವಾಯಿತು. ವಾಹನ ಅದೇ, ವಿದ್ಯುತ್ತು ಅಷ್ಟೇ. ಹೊತ್ತು ಮಾತ್ರ ಬೇರೆ. ವಾಹನದಿಂದ ಜಾಲಕ್ಕೆ ವಿದ್ಯುತ್ತನ್ನು ಮರಳಿ ಕೊಡುವ ಪ್ರಯೋಗಗಳೂ ಪರದೇಶಗಳಲ್ಲಿ ನಡೆದಿವೆ. ಸ್ಕೂಟರಿನ ಪುಟ್ಟ ಕೋಶದಿಂದ ಅದನ್ನು ಬಯಸುವುದು ಗುಬ್ಬಿಯ ಹೆಗಲಿಗೆ ನೊಗ ಹೂಡಿದಂತೆ.

ಈ ಹೊತ್ತಿನ ಪ್ರಶ್ನೆ ರೈತನಿಗೆ ಹೆಚ್ಚು ತಟ್ಟುತ್ತದೆ. ತ್ರೀ ಫೇಸ್ ವಿದ್ಯುತ್ತು ಪಾಳಿಯ ಮೇಲೆ ಬರುವಲ್ಲಿ, ರಾತ್ರಿಯ ಪಾಳಿ ಬಂದವನು ಸರಿಹೊತ್ತಿನಲ್ಲಿ ಬ್ಯಾಟರಿ ದೀಪ ಹಿಡಿದು ಕಬ್ಬಿನ ಸಾಲಿನೊಳಗೆ ನೀರು ತಿರುವಬೇಕು. ಹಾವಿನ ಭಯ, ಒದ್ದೆ ಕೈಯಿಂದ ಸ್ಟಾರ್ಟರ್ ಮುಟ್ಟುವ ಭಯ ಎರಡೂ ಅಲ್ಲಿವೆ. ಬಿಸಿಲಿನ ವಿದ್ಯುತ್ತನ್ನು ಹಗಲಿನಲ್ಲಿಯೇ ಪಂಪುಗಳಿಗೆ ಕೊಟ್ಟು, ಸಂಜೆಯ ದೀಪಗಳಿಗೆ ಸಂಗ್ರಹದಿಂದ ತೆಗೆದರೆ ಈ ಜಾಗರಣೆ ತಪ್ಪೀತು. ಹುಕ್ಕೇರಿ ತಾಲೂಕಿಗೆ ಇದರಲ್ಲಿ ವಿಶೇಷ ಆಸ್ಥೆ ಇರಬೇಕಾದುದು ಸಹಜ. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ರಾಜ್ಯದಲ್ಲಿ ಈ ಬಗೆಯ ಏಕೈಕ ಸಂಸ್ಥೆ. ಅಲ್ಲಿ ತಂತಿಗಳ ಒಡೆತನ ಸದಸ್ಯರದೇ. ವಿದ್ಯುತ್ತನ್ನು ಮಾತ್ರ ಕೊಂಡು ತರಬೇಕು.

ದೊಡ್ಡ ಪ್ರಮಾಣದ ಸಂಗ್ರಹಕ್ಕೆ ನೀರೇ ಮತ್ತೆ ನೆರವಾಗುತ್ತಿದೆ. ಸವದತ್ತಿಯ ಬಳಿ ಮಲಪ್ರಭೆಯ ನವಿಲುತೀರ್ಥ ಜಲಾಶಯವನ್ನು ಕೆಳಗಿನ ಕೆರೆಯಾಗಿಸಿ, ಮೇಲೊಂದು ಕೆರೆ ಕಟ್ಟುವ ಯೋಜನೆ ಕೈಗೆತ್ತಿಕೊಳ್ಳಲಾಗಿದೆ. ಹಗಲಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆ ಕೆಳಗಿಳಿಸಿ ವಿದ್ಯುತ್ತು ಪಡೆಯುವ ಕ್ರಮವಿದು. ಇಂಥ ಯೋಜನೆಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಎತ್ತಿ ಇಳಿಸುವುದರಲ್ಲಿಯೇ ನಷ್ಟವಾಗುತ್ತದೆ. ಹಗೇವಿನ ಜೋಳದಲ್ಲಿಯೂ ಅಂಚಿನದು ಮುಗ್ಗಾಗುತ್ತಿತ್ತಲ್ಲವೇ?

ಕೋಶಗಳಿಗೆ ಆಯುಸ್ಸಿನ ಮಿತಿಯೂ ಉಂಟು. ಹಳೆಯ ಸೀಸದ ಬ್ಯಾಟರಿಯನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಲಿಥಿಯಂ ಕೋಶವನ್ನು ಹಾಗೆ ಸುತ್ತಿಗೆಯಿಂದ ಒಡೆಯುವಂತಿಲ್ಲ. ಒಳಗಿನ ಧ್ರುವಗಳು ಒಂದನ್ನೊಂದು ಮುಟ್ಟಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಸರಕಾರದ 2022ರ ನಿಯಮಗಳು ಅವನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.