ಮಾತು ಎಲ್ಲಿ ತಡವರಿಸುತ್ತದೆ, ನೋಡಿ

ಷೇಕ್ಸ್‌ಪಿಯರನ ದುರಂತ ನಾಟಕದ ದೃಶ್ಯವೊಂದನ್ನು ವಿಶ್ಲೇಷಿಸಬೇಕಾದಾಗ ನಮ್ಮ ಹುಡುಗರು ಮೊದಲು ಗುಣವಾಚಕ ಹುಡುಕುತ್ತಾರೆ: ಮ್ಯಾಕ್‌ಬೆತ್ ಮಹತ್ವಾಕಾಂಕ್ಷಿ, ಅವನ ಹೆಂಡತಿ ಕ್ರೂರಿ. ಹಾಗೆ ಶುರುಮಾಡಬೇಡಿ. ಮೊದಲು ದೇವನೂರಿಗೆ ಬನ್ನಿ.

ಕಡೂರು ತಾಲ್ಲೂಕಿನ ಈ ಊರಿನ ಲಕ್ಷ್ಮೀಶ ‘ಜೈಮಿನಿ ಭಾರತ’ದಲ್ಲಿ ಸೀತೆಯನ್ನು ಕಾಡಿಗೆ ಬಿಡುವ ಪ್ರಸಂಗ ಬರೆದಿದ್ದಾನೆ. ಋಷ್ಯಾಶ್ರಮಗಳನ್ನು ನೋಡುವ ಹಂಬಲದಿಂದ ರಥ ಏರಿದ ಸೀತೆಗೆ ನಿಜ ಗೊತ್ತಿಲ್ಲ. ಲಕ್ಷ್ಮಣನಿಗೆ ಗೊತ್ತು, ಬಾಯಿ ಬಾರದು. ಒಬ್ಬರ ಮಾತು, ಇನ್ನೊಬ್ಬರ ಮೌನ. ಪಾತ್ರ ಹುಟ್ಟುವುದು ಈ ಅಂತರದಲ್ಲಿ. ವಾರ್ಧಕ ಷಟ್ಪದಿಯ ಐದೈದು ಮಾತ್ರೆಯ ಗಣಗಳನ್ನು ದಯವಿಟ್ಟು ಗಟ್ಟಿಯಾಗಿ ಓದಿ. ದುಃಖ ಎಲ್ಲಿ ಉಸಿರು ಹಿಡಿಯುತ್ತದೆಂದು ಕಿವಿಯೇ ಹೇಳುತ್ತದೆ. ಕೊನೆಗೆ ಕಾಡಿನ ಮೃಗಪಕ್ಷಿಗಳೂ ಮರುಗುತ್ತವೆ. ಮನುಷ್ಯರು ಆಡಲಾರದ್ದನ್ನು ಕವಿ ಅವುಗಳ ಕೈಲಿ ಆಡಿಸುತ್ತಾನೆ.

ಅದೇ ಕಿವಿಯಿಂದ ‘ಮ್ಯಾಕ್‌ಬೆತ್’ನ ಎರಡನೇ ಅಂಕದ ಎರಡನೇ ದೃಶ್ಯ ಕೇಳಿ. ರಾಜನ ಕೊಲೆ ಆಗಿದೆ. ಗಂಡಹೆಂಡಿರ ಮಾತು ಚೂರುಚೂರು, ಒಂದೆರಡು ಪದದ ಪ್ರಶ್ನೆ, ಅಷ್ಟೇ ಚಿಕ್ಕ ಉತ್ತರ. ಅವನು ‘ಆಮೆನ್’ ಎನ್ನಲಾಗಲಿಲ್ಲವೆಂದು ಮತ್ತೆ ಮತ್ತೆ ಕೊರಗುತ್ತಾನೆ. ಮಲಗಿದ್ದ ರಾಜ ತನ್ನ ತಂದೆಯಂತೆ ಕಂಡದ್ದರಿಂದಲೇ ತಾನು ಕೈಯೆತ್ತಲಿಲ್ಲ ಎನ್ನುತ್ತಾಳೆ ಅವಳು. ‘ಕ್ರೂರಿ’ ಎಂಬ ಹಣೆಪಟ್ಟಿ ಆ ಒಂದು ಮಾತಿಗೇ ಸಡಿಲವಾಗುತ್ತದೆ. ಇದನ್ನು ನಾನು ಎಷ್ಟು ಸಲ ಓದಿದರೂ ಮೈ ನಡುಗುತ್ತದೆ.

ಪೆನ್ಸಿಲ್ ಹಿಡಿದು, ಮಾತು ಮುರಿದ ಜಾಗಗಳಿಗೆ ಮಾತ್ರ ಗೆರೆ ಹಾಕಿ. ಉತ್ತರವನ್ನು ಅಲ್ಲಿಂದ ಬರೆಯಲು ತೊಡಗಿ.