ಸಿಕಂದರಾಬಾದಿನ ಸೊಳ್ಳೆ: 1902ರ ವೈದ್ಯಕೀಯ ನೊಬೆಲ್

ಬಸವಕಲ್ಯಾಣ, ಹುಮನಾಬಾದಿನ ಪರೀಕ್ಷಾ ಅಭ್ಯರ್ಥಿಗಳಿಗೆ ಈ ನೊಬೆಲ್ ದೂರದ್ದಲ್ಲ. ನಮ್ಮ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. ಸಿಕಂದರಾಬಾದಿನ ದಂಡಿನಲ್ಲಿದ್ದ ವೈದ್ಯ ರೊನಾಲ್ಡ್ ರಾಸ್, ಮಲೇರಿಯಾ ರೋಗಿಯ ರಕ್ತ ಹೀರಿದ್ದ ಅನಾಫಿಲಿಸ್ ಸೊಳ್ಳೆಯನ್ನು ಸೀಳಿ, 1897ರ ಆಗಸ್ಟ್ 20ರಂದು ಅದರ ಜಠರದ ಗೋಡೆಯಲ್ಲಿ ಪರಾವಲಂಬಿಯನ್ನು ಕಂಡರು. ಸೊಳ್ಳೆಗಳಿಂದ ಕಚ್ಚಿಸಿಕೊಂಡ ರೋಗಿ ಹುಸೇನ್ ಖಾನ್. ಕಚ್ಚಿದ ಪ್ರತಿ ಸೊಳ್ಳೆಗೂ ಒಂದಾಣೆ. ಪ್ರಶ್ನೆ ಬರಲಿ ಬಿಡಲಿ, ಈ ಹೆಸರನ್ನು ನೆನಪಿಡಲೇಬೇಕು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮೇಲೆ ಪ್ರಯೋಗ ನಡೆಸಿ, ರೋಗ ಸೊಳ್ಳೆಯ ಲಾಲಾಗ್ರಂಥಿಯ ಮೂಲಕ ದಾಟುತ್ತದೆಂದು ರಾಸ್ ತೋರಿಸಿದರು. 1902ರ ನೊಬೆಲ್ ಅವರದೇ.

ಗೊಂದಲ ಬೇಡ: ಪರಾವಲಂಬಿಯನ್ನು 1880ರಲ್ಲಿ ಮೊದಲು ಗುರುತಿಸಿದವರು ಲ್ಯಾವೆರಾನ್, ಅವರಿಗೆ ನೊಬೆಲ್ 1907ರಲ್ಲಿ. ಆರ್ಟೆಮಿಸಿನಿನ್ ಔಷಧಿಗೆ ತು ಯೂಯೂ, 2015. ರಾಸ್ ಹುಟ್ಟಿದ್ದು ಅಲ್ಮೋರಾದಲ್ಲಿ, 1857. ಆಗಸ್ಟ್ 20 ವಿಶ್ವ ಸೊಳ್ಳೆ ದಿನ.