ವಿಮಾನಯಂತ್ರದ ಉರಿಯೂ ಅದರ ಹೊಗೆಯೂ

ಸೌದೆಯ ಒಲೆಯ ಮುಂದೆ ಕುಳಿತು ಅಡಿಗೆಮಾಡಿದ ತಾಯಂದಿರಿಗೆ ಎರಡು ಸಂಗತಿಗಳನ್ನು ಯಾರೂ ಕಲಿಸಬೇಕಾದುದಿಲ್ಲ. ಗಾಳಿ ಸಾಲದ ಉರಿಯು ಹಳದಿಯಾಗಿ ಮಸಿಯನ್ನು ಕಾರುವುದು. ಊದುಗೊಳವೆಯಿಂದ ಅತಿಯಾಗಿ ಊದಿದರೆ ಎಳೆಯ ಉರಿಯು ಆರಿಹೋಗುವುದು. ಸತ್ಯನಾರಾಯಣಪೇಟೆಯ ಅಡಿಗೆಮನೆಗಳಿಗೆ ಗ್ಯಾಸಿನ ನೀಲಿ ಉರಿ ಬಂದು ಬಹುಕಾಲವಾಯಿತು. ಅನಿಲವು ಉರಿಯುವುದಕ್ಕೆ ಮೊದಲೇ ಗಾಳಿಯೊಡನೆ ಬೆರೆಯುವುದೇ ಆ ನೀಲಿಗೆ ಕಾರಣ. ವಿಮಾನದ ದಹನಕೋಶವನ್ನು ರಚಿಸುವವರ ಕಷ್ಟವೂ ಇದೇ. ಆದಕಾರಣ ಇದು ಗಂಡುಮಕ್ಕಳ ವಿಷಯವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಪುಟವನ್ನು ಮಗುಚಬಾರದು.

ಗ್ಯಾಸ್ ಟರ್ಬೈನ್ ಯಂತ್ರದಲ್ಲಿ ಮುಂದಿನ ಚಕ್ರಗಳು ಗಾಳಿಯನ್ನು ಒತ್ತಿ ದಹನಕೋಶಕ್ಕೆ ತಳ್ಳುತ್ತವೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾಲಯದ ಕಾವೇರಿ ಯಂತ್ರದಲ್ಲಿ ಈ ಕೋಶವು ಬಳೆಯ ಆಕಾರದ್ದು. ಸೀಮೆಎಣ್ಣೆಯ ಜಾತಿಯ ಇಂಧನವು ಅದರೊಳಗೆ ಸಣ್ಣ ಹನಿಗಳಾಗಿ ಸಿಡಿದು, ಸೆಕೆಂಡಿನ ಸಾವಿರದ ಕೆಲವೇ ಅಂಶಗಳಲ್ಲಿ ಉರಿದು ಮುಗಿಯಬೇಕು.

ಮೊದಲ ಕಾಲದ ಜೆಟ್ ವಿಮಾನಗಳು ಕರಿಹೊಗೆಯ ಬಾಲವನ್ನೆಳೆದುಕೊಂಡು ಹಾರುತ್ತಿದ್ದುವು. 1970ರ ದಶಕದಲ್ಲಿ ಉರಿಯ ಬುಡಕ್ಕೆ ಹೆಚ್ಚು ಗಾಳಿಯನ್ನು ಬಿಟ್ಟು ಆ ಬಾಲವನ್ನು ಬಹುಮಟ್ಟಿಗೆ ಅಳಿಸಿದರು. ಆದರೆ ಇಂಧನವನ್ನು ಉಳಿಸಲೆಂದು ಗಾಳಿಯನ್ನು ಮತ್ತಷ್ಟು ಒತ್ತಿದಂತೆಲ್ಲ ಉರಿಯ ಶಾಖವೂ ಏರಿತು. ಸುಮಾರು 1500 ಡಿಗ್ರಿ ಸೆಂಟಿಗ್ರೇಡನ್ನು ದಾಟಿದರೆ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಬೇಗಬೇಗನೆ ಕೂಡತೊಡಗುತ್ತದೆ. ಹೀಗೆ ಹುಟ್ಟಿದ ಆಕ್ಸೈಡುಗಳು ಹೊಗೆಯಂತೆ ಕಾಣಿಸಿಕೊಳ್ಳದೆ, ನಿಲ್ದಾಣದ ಸುತ್ತಲಿನ ಮಕ್ಕಳ ಶ್ವಾಸಕೋಶಗಳನ್ನು ಕೆರಳಿಸುತ್ತವೆ. ಶಾಖವನ್ನು ತಗ್ಗಿಸೋಣವೆಂದರೆ ಅರೆಸುಟ್ಟ ಇಂಧನವೂ ವಿಷವಾದ ಇಂಗಾಲದ ಮಾನಾಕ್ಸೈಡೂ ಉಳಿಯುತ್ತವೆ. ಒಂದನ್ನು ಅಟ್ಟಿದರೆ ಮತ್ತೊಂದು ಒಳಬರುವುದು.

ಇದಕ್ಕೆ ಎರಡು ಉಪಾಯಗಳುಂಟು. ಮೊದಲು ಇಂಧನವನ್ನು ಹೆಚ್ಚಾಗಿ, ಗಾಳಿಯನ್ನು ಕಡಿಮೆಯಾಗಿ ಕೊಟ್ಟು ಉರಿಸಿ, ಬಳಿಕ ಒಮ್ಮೆಗೇ ಗಾಳಿಯನ್ನು ನುಗ್ಗಿಸಿ, ಅತಿ ಶಾಖದ ನಡುವಣ ಸ್ಥಿತಿಯನ್ನು ಕ್ಷಣದಲ್ಲಿ ದಾಟಿಸುವುದು ಒಂದು. ಇನ್ನೊಂದು ಗ್ಯಾಸಿನ ಒಲೆಯ ದಾರಿ: ಇಂಧನವನ್ನು ಬಹಳ ಗಾಳಿಯೊಡನೆ ಮೊದಲೇ ಬೆರೆಸಿ, ಶಾಖವೇರದಂತೆ ಉರಿಸುವುದು. 2016ರಿಂದ ಪ್ರಯಾಣಿಕರ ವಿಮಾನಗಳಲ್ಲಿರುವ ಲೀಪ್ ಯಂತ್ರವು ಈ ಬಗೆಯದು. ತೆಳುವಾದ ಮಿಶ್ರಣದ ಉರಿಯು ಮಳೆಯಲ್ಲಿಯೋ ಇಳಿಯುವಾಗಲೋ ಆರಿಹೋಗಬಹುದಾದುದರಿಂದ, ನಡುವೆ ಒಂದು ಸಣ್ಣ ಕಾವಲು ಉರಿಯನ್ನು ಸದಾ ಇಟ್ಟಿರುತ್ತಾರೆ. ನಂದಾದೀಪವೆಂದರೆ ಅದೇ.

ಅಂತರರಾಷ್ಟ್ರೀಯ ನಿಯಮದ ಪರೀಕ್ಷೆಯಲ್ಲಿ ನೆಲದ ಓಡಾಟಕ್ಕೆ 26 ನಿಮಿಷ, ಇಳಿಯುವುದಕ್ಕೆ 4, ಮೇಲೇರುವುದಕ್ಕೆ 2.2, ನೆಲಬಿಟ್ಟು ಏಳುವುದಕ್ಕೆ 0.7 ನಿಮಿಷವೆಂದು ಲೆಕ್ಕ. ಮಂದ ಉರಿಯ ಆ 26 ನಿಮಿಷಗಳಲ್ಲಿ ಮಾನಾಕ್ಸೈಡು ಹೆಚ್ಚು, ತುಂಬುಶಕ್ತಿಯ ಸ್ವಲ್ಪ ಹೊತ್ತಿನಲ್ಲಿ ಸಾರಜನಕದ ಆಕ್ಸೈಡು ಹೆಚ್ಚು. ಒಂದೇ ಕೋಶವು ಎರಡಕ್ಕೂ ಉತ್ತರ ಹೇಳಬೇಕು. ಸುಮಾರು 915 ಮೀಟರಿನ ಮೇಲಣ ಗಂಟೆಗಟ್ಟಲೆಯ ಹಾರಾಟವು ಈ ಲೆಕ್ಕದೊಳಗೆ ಬರುವುದಿಲ್ಲ. ಇದನ್ನು ನಾವು ನಿಯಮದ ಕೊರತೆಯೆಂದೇ ಎಣಿಸುತ್ತೇವೆ.